ಡೊಂಬಿವಲಿಯ ಸಣ್ಣ ಹಾಲ್‌ಗೆ ತೆಳ್ಳಗಿನ ಟಿವಿ, 30 ಸಾವಿರದೊಳಗೆ ಯಾವುದು?

ಡೊಂಬಿವಲಿ ಲೋಕಲ್:
ಎಲ್ಲರಿಗೂ ನಮಸ್ಕಾರ. ಹೊಸ ಟಿವಿ ತಗೋಬೇಕು, ಸ್ವಲ್ಪ ಸಲಹೆ ಕೊಡಿ. ನಮ್ಮದು ಡೊಂಬಿವಲಿ ಪೂರ್ವದಲ್ಲಿ ಒನ್ ಬಿಎಚ್‌ಕೆ. ಸೋಫಾದಿಂದ ಗೋಡೆಗೆ ಏಳೂವರೆ ಅಡಿ ಇರಬಹುದು. ಈಗಿರುವ 32 ಇಂಚಿನದ್ದು ಒಂದು ಬದಿ ಕಪ್ಪಗಾಗಿದೆ, ಸೌಂಡ್ ಮಾತ್ರ ಚೆನ್ನಾಗಿದೆ. ಬಜೆಟ್ 30 ಸಾವಿರ, ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಹಾಲ್‌ನಲ್ಲಿ ಓಡಾಡೋಕೇ ಜಾಗ ಇಲ್ಲ, ಹಾಗಾಗಿ ಗೋಡೆಗೆ ಅಂಟಿಕೊಂಡು ಕೂರುವಂಥ ತೆಳ್ಳಗಿನದೇ ಬೇಕು ಅಂತ ಮನೆಯವರ ಹಠ. ಅಮ್ಮ ಊರಿಂದ ಬಂದು ನಮ್ಮ ಜೊತೆಗೇ ಇದ್ದಾರೆ, ಸಂಜೆಯಾದರೆ ಅವರಿಗೆ ಕನ್ನಡ ಧಾರಾವಾಹಿ ಬೇಕೇ ಬೇಕು. ನನಗೆ ಕ್ರಿಕೆಟ್, ಮಗನಿಗೆ ಯೂಟ್ಯೂಬ್. ಅಂಗಡಿಗೆ ಹೋದರೆ ಫೋರ್‌ಕೆ, ಕ್ಯೂಎಲ್‌ಇಡಿ, ಎಚ್‌ಡಿಆರ್ ಅಂತ ತಲೆ ತಿನ್ನುತ್ತಾರೆ. 43 ಸಾಕಾ, 50 ತಗೊಳ್ಳೋದಾ? ಜಾಹೀರಾತಿನಲ್ಲಿ ತೋರಿಸುವ ಬೆರಳು ದಪ್ಪದ ಟಿವಿ ಈ ದುಡ್ಡಿಗೆ ಸಿಗುತ್ತಾ?

ಥಾಣೆ ಮಾಣಿ:
43 ತಗೊಳ್ಳಿ, ಕಣ್ಣು ಮುಚ್ಚಿ. ಏಳೂವರೆ ಅಡಿಗೆ 50 ಕೂಡ ಆಗುತ್ತದೆ, ಇಲ್ಲ ಅನ್ನಲ್ಲ, ಆದರೆ ಅಮ್ಮ ನೋಡುವುದು ಕೇಬಲ್ ಚಾನೆಲ್ ಅಲ್ವಾ? ಮಾಮೂಲಿ ಎಸ್‌ಡಿ ಚಾನೆಲ್‌ನಲ್ಲಿ ಬರುವ ಚಿತ್ರ 720 ಗುಣಿಸು 576 ಚುಕ್ಕೆ. ಫೋರ್‌ಕೆ ಪರದೆಯಲ್ಲಿ ಇರುವುದು 3840 ಗುಣಿಸು 2160. ಅಂದರೆ ಒಂದು ಚುಕ್ಕೆಯನ್ನು ಟಿವಿ ತಾನೇ ಇಪ್ಪತ್ತು ಮಾಡಿ ಹರಡಬೇಕು. ಪರದೆ ದೊಡ್ಡದಾದಷ್ಟೂ ಮುಖಗಳೆಲ್ಲ ಮಸುಕು. ಆಮೇಲೆ "ಹಳೇ ಟಿವಿಯೇ ಚೆನ್ನಾಗಿತ್ತು" ಅಂತ ಅಮ್ಮನ ಕೈಲಿ ಕೇಳಬೇಕಾಗುತ್ತದೆ.
ಅದಕ್ಕೆ ಟಿವಿ ಜೊತೆಗೇ ಕೇಬಲ್‌ನವನ ಹತ್ತಿರ ಮಾತಾಡಿ. ಮುಂಬಯಿಯ ಪ್ಯಾಕ್‌ಗಳಲ್ಲಿ ಮರಾಠಿ, ಹಿಂದಿಯೇ ತುಂಬಿರುತ್ತದೆ. ಆದರೆ ಟ್ರಾಯ್ (ಕೇಬಲ್, ಫೋನ್‌ನವರ ಮೇಲಿನ ಸರ್ಕಾರಿ ನಿಯಂತ್ರಣ ಸಂಸ್ಥೆ) ನಿಯಮದಲ್ಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಅಮ್ಮ ನೋಡುವ ಎರಡು ಮೂರು ಕನ್ನಡ ಚಾನೆಲ್‌ಗಳನ್ನು ಎಚ್‌ಡಿಯಲ್ಲೇ ಹಾಕಿಸಿ, ಸೆಟ್‌ಟಾಪ್ ಬಾಕ್ಸೂ ಎಚ್‌ಡಿಯದ್ದೇ ಇರಬೇಕು.
ಇನ್ನೊಂದು, 32 ಇಂಚಿಗಿಂತ ದೊಡ್ಡ ಟಿವಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಅದಕ್ಕಿಂತ ಹಳೆಯ ರಿವ್ಯೂನಲ್ಲಿರುವ ಬೆಲೆ ನೋಡಿ ಹೆದರಬೇಡಿ.

ಲ್ಯಾಮಿಂಗ್ಟನ್ ರೋಡ್ ರಿಪೇರಿ:
ನಾನು ಟಿವಿ ಬಿಚ್ಚುವ ಕೆಲಸದವನು, ಹಾಗಾಗಿ ತೆಳ್ಳಗಿನ ವಿಷಯ ನಾನು ಹೇಳ್ತೀನಿ.
ಜಾಹೀರಾತಿನಲ್ಲಿ ತೋರಿಸುವುದು ಟಿವಿಯ ಮೇಲಿನ ಅಂಚು ಮಾತ್ರ. ಕೆಳಗಿನ ಅರ್ಧದಲ್ಲಿ ಬೋರ್ಡು, ಪವರ್ ಸಪ್ಲೈ, ಸ್ಪೀಕರ್ ಎಲ್ಲ ಕೂತಿರುತ್ತದೆ, ಅಲ್ಲಿ ಹೊಟ್ಟೆ ಬಂದೇ ಬರುತ್ತದೆ. ಚುಕ್ಕೆಗಳೇ ಸ್ವಂತವಾಗಿ ಬೆಳಗುವ, ಲಕ್ಷ ರೂಪಾಯಿಯ ಓಎಲ್‌ಇಡಿ ಟಿವಿಗೂ ಅದು ಸಾಮಾನ್ಯವಾಗಿ ತಪ್ಪಿದ್ದಲ್ಲ. ನಿಮ್ಮ ಬಜೆಟ್‌ನ 43 ಇಂಚಿನವು ಹೆಚ್ಚುಕಮ್ಮಿ ಆರರಿಂದ ಒಂಬತ್ತು ಸೆಂಟಿಮೀಟರ್ ದಪ್ಪ ಇರುತ್ತವೆ. ಗೋಡೆಗೆ ಹಾಕುವ ಬ್ರಾಕೆಟ್ ಅದರ ಮೇಲೆ ಇನ್ನೆರಡು ಮೂರು ಸೆಂಟಿಮೀಟರ್ ತಿನ್ನುತ್ತದೆ. ಅಂದಮೇಲೆ ಎರಡು ಸೆಂಟಿಮೀಟರ್ ತೆಳ್ಳಗಿದೆ ಅಂತ ಐದು ಸಾವಿರ ಜಾಸ್ತಿ ಕೊಟ್ಟರೆ ಹಾಲ್ ಏನೂ ದೊಡ್ಡದಾಗಲ್ಲ.
ತೆಳ್ಳಗೆ ಮಾಡುವುದು ಹೇಗೆ ಅಂತಲೂ ತಿಳ್ಕೊಳ್ಳಿ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ, ಹಿಂದಿನಿಂದ ಎಲ್‌ಇಡಿ ಬೆಳಕು ಬೀಳಬೇಕು. ಎಲ್‌ಇಡಿ ಪಟ್ಟಿಗಳನ್ನು ಪರದೆಯ ಹಿಂದೆ ಸಾಲಾಗಿ ಹಾಕಿದರೆ ಬೆಳಕು ಹರಡೋಕೆ ಜಾಗ ಬೇಕು, ಟಿವಿ ದಪ್ಪ ಆಗುತ್ತದೆ. ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಕೂರಿಸಿ ಒಂದು ಪಾರದರ್ಶಕ ಹಾಳೆಯಿಂದ ಬೆಳಕನ್ನು ಒಳಗೆ ಹರಡಿದರೆ ತೆಳ್ಳಗೆ ಬರುತ್ತದೆ. ಈ ಎರಡನೇ ಥರದಲ್ಲಿ ಅಗ್ಗದ ಮಾಡೆಲ್ ಆದರೆ ರಾತ್ರಿಯ ದೃಶ್ಯದಲ್ಲಿ ಮೂಲೆಗಳು ಬಿಳಿಬಿಳಿ ಕಾಣುತ್ತವೆ. ಕ್ಯೂಎಲ್‌ಇಡಿ ಅಂದರೂ ಅದೇ ಎಲ್‌ಸಿಡಿ, ಬಣ್ಣ ಚೆನ್ನಾಗಿ ಬರೋಕೆ ಒಂದು ಫಿಲ್ಮ್ ಜಾಸ್ತಿ, ಅಷ್ಟೇ. ಎಚ್‌ಡಿಆರ್, ಅಂದರೆ ಬೆಳಕು ಕತ್ತಲೆಯ ವ್ಯತ್ಯಾಸ ಎದ್ದು ಕಾಣುವ ಚಿತ್ರ, ಅದಂತೂ ಈ ಬೆಲೆಯಲ್ಲಿ ಡಬ್ಬದ ಮೇಲಿನ ಸ್ಟಿಕರ್, ಅದಕ್ಕೆ ಬೇಕಾದ ಬೆಳಕೇ ಈ ಟಿವಿಗಳಲ್ಲಿರಲ್ಲ.
ಮತ್ತೆ ನಿಮ್ಮ ಹಳೆಯ ಟಿವಿ. ರಾತ್ರಿ ಲೈಟ್ ಆರಿಸಿ, ಕಪ್ಪಗಾದ ಬದಿಗೆ ಮೊಬೈಲ್ ಟಾರ್ಚ್ ಹತ್ತಿರ ಹಿಡಿದು ನೋಡಿ. ಒಳಗೆ ಮಂಕಾಗಿ ಚಿತ್ರ ಕಂಡರೆ ಪರದೆ ಸರಿಯಿದೆ, ಹೋಗಿರುವುದು ಬ್ಯಾಕ್‌ಲೈಟ್ ಪಟ್ಟಿ. ಅದನ್ನು ಬದಲಿಸೋಕೆ ಹೊಸ ಟಿವಿಯ ದುಡ್ಡು ಬೇಕಾಗಿಲ್ಲ. ಸರಿ ಮಾಡಿಸಿ ಅಮ್ಮನ ರೂಮಿಗೆ ಹಾಕಿ, ಕ್ರಿಕೆಟ್ಟು ಧಾರಾವಾಹಿ ಜಗಳವೂ ಮುಗಿಯುತ್ತದೆ. ಎಕ್ಸ್‌ಚೇಂಜ್‌ಗೆ ಕೊಟ್ಟರೆ ಪುಡಿಗಾಸು.

ಪಿಂಪ್ರಿ ಪಾಟೀಲ:
ರಿಪೇರಿ ಅಣ್ಣ ಹೇಳಿದ್ದು ಖರೆ, ಆದರೆ ಸೌಂಡ್ ವಿಷಯ ಬಿಟ್ಟರಲ್ಲ! ತೆಳ್ಳಗಿನ ಟಿವಿಯಲ್ಲಿ ಸ್ಪೀಕರ್ ಸಣ್ಣದು, ಅದೂ ಕೆಳಮುಖ. ಫ್ಯಾನ್ ಜೋರಾಗಿ ತಿರುಗಿದರೆ ಮಾತೇ ತಿಳಿಯಲ್ಲ. 25 ಸಾವಿರದೊಳಗೆ ಟಿವಿ ಮುಗಿಸಿ, ಉಳಿದ ದುಡ್ಡಿಗೆ ಸಣ್ಣ ಸೌಂಡ್‌ಬಾರ್ ತಗೊಳ್ರಿ. ಟಿವಿಯ ಸೌಂಡನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಪೋರ್ಟ್ ಇದ್ದರೆ ಒಂದೇ ವೈರ್, ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಕೆಲಸ ಮಾಡುತ್ತದೆ. ರ‍್ಯಾಮ್ 2 ಜಿಬಿಗಿಂತ ಕಡಿಮೆ ಇದ್ದರೆ ಬೇಡವೇ ಬೇಡ, ಯೂಟ್ಯೂಬ್ ತೆರೆಯೋ ಹೊತ್ತಿಗೆ ಹುಡುಗ ರಿಮೋಟ್ ಒಗೀತಾನೆ. ಬ್ರಾಂಡ್‌ಗಿಂತ ನಿಮ್ಮ ಪಿನ್‌ಕೋಡ್‌ಗೆ ಸರ್ವಿಸ್‌ನವರು ಮನೆಗೆ ಬರ್ತಾರಾ ಅಂತ ಮೊದಲು ಕೇಳ್ರಿ.

ಡೊಂಬಿವಲಿ ಲೋಕಲ್:
ಟಾರ್ಚ್ ಹಿಡಿದು ನೋಡಿದೆ ಅಣ್ಣಾ, ಒಳಗೆ ಚಿತ್ರ ಕಾಣುತ್ತಿದೆ! ಅಮ್ಮನಿಗೆ ಖುಷಿಯೋ ಖುಷಿ. 43 ಅಂತಲೇ ಗಟ್ಟಿ ಮಾಡಿದೆವು. ಇನ್ನೆರಡು ಡೌಟು. ಟಿವಿ ಹಾಕುವ ಗೋಡೆಯ ಎದುರಿಗೇ ಬಾಲ್ಕನಿ ಇದೆ. ಆ ಗೋಡೆ ಬಿಲ್ಡಿಂಗ್‌ನ ಹೊರಗಿನ ಗೋಡೆ, ಮಳೆಗಾಲದಲ್ಲಿ ಒಂದು ಕಡೆ ತೇವ ಬರುತ್ತದೆ. ತೊಂದರೆ ಆಗುತ್ತಾ?

ಲ್ಯಾಮಿಂಗ್ಟನ್ ರೋಡ್ ರಿಪೇರಿ:
ತೇವದ ಗೋಡೆಗೆ ಟಿವಿ ಹಾಕಬೇಡಿ. ನಮ್ಮ ಟೇಬಲ್‌ಗೆ ಜುಲೈ, ಆಗಸ್ಟ್‌ನಲ್ಲಿ ಬರುವ ಬೋರ್ಡ್‌ಗಳಲ್ಲಿ ಹಸಿರು ತುಕ್ಕು ಹಿಡಿದವೇ ಜಾಸ್ತಿ. ಒಳಗಿನ ಗೋಡೆ ಸಿಕ್ಕರೆ ಅಲ್ಲಿಗೆ ಬದಲಿಸಿ, ಆಗ ಬಾಲ್ಕನಿಯ ಬೆಳಕೂ ನೇರವಾಗಿ ಪರದೆಗೆ ಹೊಡೆಯಲ್ಲ. ಆದರೆ ಹೊಸ ಬಿಲ್ಡಿಂಗ್ ಆದರೆ ಒಳಗಿನ ಗೋಡೆ ಹಗುರ ಬ್ಲಾಕಿನದ್ದಿರಬಹುದು, ಡ್ರಿಲ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಮಾಮೂಲಿ ಪ್ಲಗ್ ನಿಲ್ಲಲ್ಲ. ಫಿಟ್ಟಿಂಗ್‌ನವನಿಗೆ ಮೊದಲೇ ಹೇಳಿದರೆ ಅದಕ್ಕೆ ಬೇರೆ ಆಂಕರ್ ತರುತ್ತಾನೆ.
ಎಚ್‌ಡಿಎಂಐ ಪೋರ್ಟ್ ಪಕ್ಕಕ್ಕೆ ತಿರುಗಿರುವ ಮಾಡೆಲ್ ನೋಡಿ. ನೇರ ಹಿಂದಕ್ಕಿದ್ದರೆ ವೈರ್ ಗೋಡೆಗೆ ಒತ್ತಿ ಟಿವಿಯನ್ನು ಮುಂದಕ್ಕೆ ತಳ್ಳುತ್ತದೆ. ಡಬ್ಬ ಬಂದಮೇಲೆ ಫಿಟ್ಟಿಂಗ್‌ನವನು ಬರುವವರೆಗೂ ತೆರೆಯಬೇಡಿ, ತೆರೆಯುವಾಗ ವಿಡಿಯೋ ಮಾಡಿ, ಒಡೆದ ಪರದೆಗೆ ವಾರಂಟಿ ಇರಲ್ಲ. ಹಾಕಿದ ದಿನವೇ ಶೋರೂಮ್ ಮೋಡ್ (ಅಂಗಡಿಯಲ್ಲಿ ಮಿಂಚಲೆಂದು ಬೆಳಕು ಜೋರು ಮಾಡಿಟ್ಟ ಸೆಟ್ಟಿಂಗ್) ತೆಗೆದು ಬ್ಯಾಕ್‌ಲೈಟ್ ಸ್ವಲ್ಪ ಇಳಿಸಿ, ಪಟ್ಟಿ ಜಾಸ್ತಿ ದಿನ ಬಾಳುತ್ತದೆ. ದುಡ್ಡು ಕೊಡುವ ಮುಂಚೆ ಮಾಡೆಲ್ ನಂಬರ್ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.