ತಟ್ಟೆ ಮುಂದೆ ಕೂತರೆ ಭಯ: ನಂಬಿಕೆ ಇಟ್ಟುಕೊಂಡು ನೆಮ್ಮದಿಯಿಂದ ಉಣ್ಣುವುದು ಹೇಗೆ?

ಪ್ರಶ್ನೆ: ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ. ಒಬ್ಬರು ಹಾಲು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಗೋಧಿ, ಮತ್ತೊಬ್ಬರು ಟೊಮೆಟೊ. ಈಗ ಊಟಕ್ಕೆ ಕೂತರೆ ಹಸಿವಿಗಿಂತ ಭಯವೇ ಜಾಸ್ತಿ. ದೇವರನ್ನು ನಂಬಿದವಳು ನಾನು, ಉಪವಾಸ ಬಿಡಲೂ ಮನಸ್ಸಿಲ್ಲ. ಅನುಭವ ಇದ್ದವರು ಹೇಳಿ.

ಉತ್ತರ 1: ನನಗೂ ಅದೇ ಕಾಯಿಲೆ. ಮೊದಲು ಉಪವಾಸದ ವಿಷಯ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದೀರಾ? ಅದನ್ನು ಊಟದ ಜೊತೆಗೆ ತೆಗೆದುಕೊಳ್ಳಿ ಎಂದೇ ಡಾಕ್ಟರ್ ಹೇಳಿರುತ್ತಾರೆ. ಉಪವಾಸ ಅಂತ ಮಾತ್ರೆಯನ್ನೇ ಬಿಟ್ಟರೆ ಇನ್ನೂ ಅಪಾಯ. ಬಹಳ ಕಾಲ ತೆಗೆದುಕೊಂಡವರ ದೇಹ ತಾನೇ ಕಾರ್ಟಿಸಾಲ್ ಎನ್ನುವ ಅಗತ್ಯ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಹಾಗಾಗಿ ದಿಢೀರ್ ಅಂತ ನಿಲ್ಲಿಸಬಾರದು.

ಇದಕ್ಕೆ ಧರ್ಮಗಳ ಅಡ್ಡಿಯೂ ಇಲ್ಲ. ಕಾಯಿಲೆಯವರಿಗೆ ರಂಜಾನ್ ಉಪವಾಸದಿಂದ ಕುರಾನಿನಲ್ಲೇ ವಿನಾಯಿತಿ ಇದೆ. ಯೋಮ್ ಕಿಪ್ಪುರ್ ಉಪವಾಸದ ದಿನವೂ, ಜೀವಕ್ಕೆ ಅಪಾಯವಿದ್ದರೆ ತಿನ್ನಲೇಬೇಕು ಎನ್ನುತ್ತದೆ ಯಹೂದಿ ನಿಯಮ. ನಾನು ಉಪವಾಸದ ದಿನ ಹೊತ್ತುಹೊತ್ತಿಗೆ ಊಟ ಮಾಡುತ್ತೇನೆ. ಬದಲಿಗೆ ಅವತ್ತು ಫೋನ್ ಮುಟ್ಟುವುದಿಲ್ಲ, ಯಾರ ಬಗ್ಗೆಯೂ ಚಾಡಿ ಆಡುವುದಿಲ್ಲ. ಎರಡನೆಯದು ನಿಜಕ್ಕೂ ಕಷ್ಟ!

ಇನ್ನು ಬಿಡುವ ಪಟ್ಟಿ. ಆಟೋಇಮ್ಯೂನ್ ಪ್ರೋಟೋಕಾಲ್ ಎನ್ನುವ ಪದ್ಧತಿಯಲ್ಲಿ ಧಾನ್ಯ, ಬೇಳೆಕಾಳು, ಹಾಲು, ಮೊಟ್ಟೆ, ಬೀಜ, ಟೊಮೆಟೊ, ಬದನೆ, ಆಲೂಗಡ್ಡೆ ಎಲ್ಲವನ್ನೂ ಬಿಡಿಸುತ್ತಾರೆ. ಜನ ಇಷ್ಟನ್ನೇ ಕೇಳಿಸಿಕೊಳ್ಳುತ್ತಾರೆ. ಕೆಲವು ವಾರ ಆದ ಮೇಲೆ ಒಂದೊಂದನ್ನೇ ವಾಪಸ್ ತಂದು ನೋಡಬೇಕು ಎನ್ನುವುದೂ ಅದೇ ಪದ್ಧತಿಯ ಭಾಗ. ಇದರ ಬಗ್ಗೆ ನಡೆದ ಅಧ್ಯಯನಗಳೂ ಚಿಕ್ಕವು. ಕರುಳಿನ ಉರಿಯೂತ ಇರುವವರ ಮೇಲೆ 2017ರಲ್ಲಿ ಬಂದ ಒಂದರಲ್ಲಿ ಇದ್ದವರು 15 ಜನ. ಅವರಲ್ಲಿ ಹಲವರಿಗೆ ಗುಣ ಕಂಡಿತು, ನಿಜ. ಆದರೆ ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಅಷ್ಟರ ಮೇಲೆ ಜೀವನವಿಡೀ ಟೊಮೆಟೊಗೆ ಹೆದರಬೇಕಾ?

ನಾನು ಒಂದು ಸಲಕ್ಕೆ ಒಂದೇ ಪದಾರ್ಥ ಬಿಟ್ಟು ನೋಡಿದೆ. ಫರಕು ಕಾಣದ್ದನ್ನೆಲ್ಲ ಮತ್ತೆ ಶುರು ಮಾಡಿದೆ. ಮೊದಲು ಊಟಕ್ಕೆ ಮುಂಚೆ "ಇದು ನೋವು ತರದಿರಲಿ" ಎಂದು ಬೇಡುತ್ತಿದ್ದೆ. ಈಗ ಕೊಟ್ಟಿದ್ದಕ್ಕೆ ಕೈಮುಗಿದು ಉಣ್ಣುತ್ತೇನೆ. ನೋವು ಬಂದರೂ ಅದನ್ನು ದೇವರ ಶಿಕ್ಷೆ ಎಂದುಕೊಳ್ಳುವುದಿಲ್ಲ. ಈ ಕಾಯಿಲೆ ಏನೂ ಕಾರಣವಿಲ್ಲದೆಯೂ ಉಲ್ಬಣಿಸುತ್ತದೆ.

ಉತ್ತರ 2: ಮೇಲಿನ ಸಡಿಲಿಕೆ ನನ್ನಂಥವರಿಗೆ ನಡೆಯುವುದಿಲ್ಲ. ನನಗೆ ಸೀಲಿಯಾಕ್, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದ ಆಟೋಇಮ್ಯೂನ್ ಕಾಯಿಲೆ. ಗೋಧಿಯ ಚೂರು ಕೂಡ ಕರುಳಿಗೆ ಹಾನಿ. "ದೇವರ ಹೆಸರಲ್ಲಿ ಒಂದು ತುಣುಕು ತಿಂದರೆ ಏನೂ ಆಗಲ್ಲ" ಎನ್ನುವವರಿಗೆ ನಗುತ್ತಲೇ ಬೇಡ ಎನ್ನುತ್ತೇನೆ. ಕ್ಯಾಥೋಲಿಕ್ ಚರ್ಚ್ ಕೂಡ ಪೂಜೆಯಲ್ಲಿ ಪ್ರಸಾದವಾಗಿ ಕೊಡಲು ಕಡಿಮೆ ಗ್ಲುಟೆನ್ ಇರುವ ರೊಟ್ಟಿಗೆ ಒಪ್ಪಿದೆ, ಅದೂ ಆಗದವರು ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಪ್ರಾರ್ಥನೆಯ ನಂತರ ಎಲ್ಲರೂ ಒಟ್ಟಿಗೆ ಉಣ್ಣುವಾಗ ನನ್ನ ಡಬ್ಬಿ ಜೊತೆಗಿರುತ್ತದೆ. ಬೇರೆ ಮೂಲೆಗೆ ಹೋಗುವುದಿಲ್ಲ, ಅದೇ ಸಾಲಿನಲ್ಲಿ ಕೂರುತ್ತೇನೆ.

ಉತ್ತರ 3: ಹಾಶಿಮೊಟೊ, ಅಂದರೆ ಥೈರಾಯ್ಡ್ ಗ್ರಂಥಿಯ ಆಟೋಇಮ್ಯೂನ್ ಕಾಯಿಲೆ, ಇರುವವರಿಗೆ ಒಂದು ಮಾತು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. ಸುಮ್ನೆ ಗಡಿಯಾರ ನೋಡುವ ಆ ಹೊತ್ತೇ ಈಗ ನನ್ನ ಧ್ಯಾನದ ಹೊತ್ತು.

ಉತ್ತರ 4: ನನ್ನ ಹೆಂಡತಿಗೆ ಲೂಪಸ್, ಅದೂ ಒಂದು ಆಟೋಇಮ್ಯೂನ್ ಕಾಯಿಲೆ. ಊಟಕ್ಕಿಂತ ಅವಳನ್ನು ಜಾಸ್ತಿ ಕುಗ್ಗಿಸಿದ್ದು "ನಂಬಿಕೆ ಗಟ್ಟಿಯಿದ್ದರೆ ಮಾತ್ರೆ ಯಾಕೆ?" ಎನ್ನುವ ಮಾತು. ಈಗ ಅಂಥವರಿಗೆ ನಾನೇ ಉತ್ತರ ಕೊಡುತ್ತೇನೆ, ಅವಳವರೆಗೆ ಹೋಗಲು ಬಿಡುವುದಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಆ ಕೆಲಸ ಮಾಡಲಿ. ತಿನ್ನುವ ಪಟ್ಟಿ ಚಿಕ್ಕದಾಗುತ್ತಲೇ ಇದ್ದು ತೂಕವೂ ಇಳಿಯುತ್ತಿದ್ದರೆ ಮಾತ್ರ ತಡಮಾಡಬೇಡಿ, ಡಾಕ್ಟರಿಗೆ ಹೇಳಿ ಡಯಟಿಷಿಯನ್ ಒಬ್ಬರನ್ನು ಕಾಣಿ.