ಫೋಟೋಗೆ ಬರೋ ಟೀಕೆಗಳಲ್ಲಿ ಯಾವುದನ್ನ ತಗೋಬೇಕು, ಯಾವುದನ್ನ ಬಿಡಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕಿಟಕಿ ಬೆಳಕಲ್ಲಿ ವಯಸ್ಸಾದವರ ಕಪ್ಪು-ಬಿಳುಪು ಪೋರ್ಟ್ರೇಟ್‌ಗಳನ್ನ ತೆಗೀತಾ ಇದ್ದೀನಿ. ಆನ್‌ಲೈನ್‌ನಲ್ಲಿ ಹಾಕಿದ ಮೇಲೆ ಬಂದ ಅಭಿಪ್ರಾಯಗಳು ಒಂದಕ್ಕೊಂದು ತಾಳೆನೇ ಆಗ್ತಿಲ್ಲ. ಒಂದೇ ಫೋಟೋಗೆ ಒಬ್ಬರು "ನೆರಳು ತುಂಬಾ ಕಪ್ಪಾಗಿದೆ, ಸ್ವಲ್ಪ ತಿಳಿ ಮಾಡಿ" ಅಂತಾರೆ, ಇನ್ನೊಬ್ಬರು "ಆ ಕತ್ತಲೇ ಚಿತ್ರದ ಜೀವ, ಮುಟ್ಟಬೇಡಿ" ಅಂತಾರೆ.

ತಾಂತ್ರಿಕ ಮಾತಾದ್ರೆ ನಾನೇ ಪರೀಕ್ಷೆ ಮಾಡ್ಕೋತೀನಿ. ಹಿಸ್ಟೋಗ್ರಾಂ (ಫೋಟೋದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಯಾವ ಛಾಯೆ ಎಷ್ಟಿದೆ ಅಂತ ತೋರಿಸೋ ಗ್ರಾಫ್) ಎಡ, ಅಂದ್ರೆ ಕಪ್ಪಿನ ಅಂಚಿಗೆ ಒತ್ತಿಕೊಂಡಿದ್ರೆ ನೆರಳಿನ ವಿವರ ಹೋಗಿದೆ ಅಂತ ಗೊತ್ತಾಗುತ್ತೆ. 100%ಗೆ ಝೂಮ್ ಮಾಡಿದ್ರೆ ಫೋಕಸ್ ಕಣ್ಣಿನ ಮೇಲಿದೆಯೋ ಕಿವಿ ಮೇಲಿದೆಯೋ ಕಾಣುತ್ತೆ. ಮೊಬೈಲ್ ಬ್ರೈಟ್‌ನೆಸ್ ಕಡಿಮೆ ಇಟ್ಕೊಂಡು ನೋಡೋರಿಗೆ ಯಾವ ಫೋಟೋನೂ ಕತ್ತಲಾಗೇ ಕಾಣೋದು, ಅದಕ್ಕೇ ಪ್ರಿಂಟ್ ಹಾಕಿಸಿಯೂ ನೋಡಿದೆ. ಟೀಕೆ ಮಾಡಿದವರು ತೆಗೆದ ಫೋಟೋಗಳನ್ನೂ ನೋಡಿದೆ. ಚೆನ್ನಾಗಿ ತೆಗೆಯೋರು ಕೂಡ ಕೆಲವೊಮ್ಮೆ ತಮ್ಮ ಶೈಲಿಯನ್ನೇ ಸರಿ ಅಂತ ಹೇಳ್ತಿರ್ತಾರೆ.

ನಾನು ಸಿಕ್ಕಿಹಾಕಿಕೊಂಡಿರೋದು ಉಳಿದ ಟೀಕೆಗಳಲ್ಲಿ. "ಮುಖ ನಟ್ಟನಡುವೆ ಇದೆ, ರೂಲ್ ಆಫ್ ಥರ್ಡ್ಸ್ ಪಾಲಿಸಿಲ್ಲ" (ಚೌಕಟ್ಟನ್ನ ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಮುಖ್ಯವಾದದ್ದನ್ನ ಆ ಗೆರೆಗಳ ಮೇಲೆ ಇಡೋ ನಿಯಮ), "ಭಾವನೇ ಇಲ್ಲ", ಇಂಥವನ್ನ ಯಾವ ಅಳತೆಯಲ್ಲಿ ನೋಡೋದು? ಫ್ರೆಂಚ್ ಫೋಟೋಗ್ರಾಫರ್ ಕಾರ್ತಿಯೇ-ಬ್ರೆಸೋ 1932ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದ, ನಿಂತ ನೀರಿನ ಮೇಲೆ ಹಾರೋ ಮನುಷ್ಯನ ಚಿತ್ರದಲ್ಲಿ ಆ ಮನುಷ್ಯನೇ ಮಸುಕು, ಆದರೂ ಅದು ಜಗತ್ಪ್ರಸಿದ್ಧ. ಹಾಗಂತ ಅದನ್ನ ತೋರಿಸಿ ಬಂದ ಟೀಕೆಯನ್ನೆಲ್ಲ ತಳ್ಳಿಹಾಕೋಕೂ ನನಗೆ ಮನಸ್ಸಿಲ್ಲ, ನಿಜವಾಗಿ ಕಲೀಬೇಕು.

ಒಂದು ಟೀಕೆ ಫೋಟೋದ ಕೊರತೆ ಹೇಳ್ತಿದೆಯೋ, ಹೇಳಿದವರ ಅಭಿರುಚಿ ಮಾತ್ರ ಹೇಳ್ತಿದೆಯೋ ಅಂತ ನೀವು ಹೇಗೆ ಬೇರೆ ಮಾಡ್ತೀರಿ? ಅನುಭವ ಇರೋರು ದಯವಿಟ್ಟು ಒಂದು ಉದಾಹರಣೆ ಸಮೇತ ತಿಳಿಸ್ತೀರಾ?