ಮುಟ್ಟು ನಿಂತ ನಂತರದ ಹಾರ್ಮೋನ್ ಚಿಕಿತ್ಸೆ ಮತ್ತು ಒಣಗುವ ಕಣ್ಣು

ಪ್ರಶ್ನೆ (ಧಾರವಾಡದ ಶಿಕ್ಷಕಿ):
ನನಗೆ 53 ವರ್ಷ. ಗಡ್ಡೆಗಳಿದ್ದ ಕಾರಣ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆಸಿಕೊಂಡು ಎರಡೂವರೆ ವರ್ಷವಾಯಿತು. ರಾತ್ರಿ ಮೈ ಕಾದು ಬೆವರುವುದನ್ನು ತಾಳಲಾರದೆ ವೈದ್ಯರ ಸಲಹೆಯಂತೆ ಈಸ್ಟ್ರೋಜೆನ್ ಮಾತ್ರೆ ಆರಂಭಿಸಿದೆ. ಆ ತೊಂದರೆ ತಹಬಂದಿಗೆ ಬಂದಿದೆ. ಆದರೆ ಆರೇಳು ತಿಂಗಳಿಂದ ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ. ಸಂಜೆ ಉತ್ತರಪತ್ರಿಕೆ ತಿದ್ದಲು ಕುಳಿತರೆ ಕಾಲು ಗಂಟೆಯಲ್ಲಿ ಅಕ್ಷರಗಳು ಮಸುಕಾಗುತ್ತವೆ, ನಾಲ್ಕು ಬಾರಿ ರೆಪ್ಪೆ ಬಡಿದರೆ ಮತ್ತೆ ತಿಳಿಯಾಗುತ್ತವೆ. ಗಾಡಿಯಲ್ಲಿ ಹೋಗುವಾಗ ಮಾತ್ರ ಕಣ್ಣೀರು ಧಾರೆಯಾಗಿ ಇಳಿಯುತ್ತದೆ. ನೀರು ಸುರಿಸುವ ಕಣ್ಣನ್ನು ಒಣಗಿದೆ ಎನ್ನುವುದು ಹೇಗೆ? ಹಾರ್ಮೋನ್ ಕೊರತೆಯೇ ಕಾರಣವಾದರೆ, ಮಾತ್ರೆ ನುಂಗುತ್ತಿರುವ ನನಗೆ ಇದು ಕಡಿಮೆಯಾಗಬೇಕಿತ್ತಲ್ಲವೇ?

ಉತ್ತರ 1 (ನೇತ್ರವೈದ್ಯೆ):
ಎರಡನೆಯ ಪ್ರಶ್ನೆಯಲ್ಲಿ ನೀವು ಮಾಡಿಕೊಂಡಿರುವ ಊಹೆಯನ್ನು ಬಹುಕಾಲ ವೈದ್ಯರೂ ಮಾಡಿಕೊಂಡಿದ್ದರು. 2001ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಸ್ಟಡಿ’ಯ, ಮುಟ್ಟು ನಿಂತ 25,665 ಮಹಿಳೆಯರ ಮಾಹಿತಿ ಪ್ರಕಟವಾದಾಗ ಕಂಡದ್ದು ಅದಕ್ಕೆ ವಿರುದ್ಧವಾಗಿತ್ತು. ಹಾರ್ಮೋನ್ ಎಂದೂ ತೆಗೆದುಕೊಳ್ಳದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಕಣ್ಣು ಒಣಗುವ ತೊಂದರೆಯಿದ್ದರೆ, ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಸುಮಾರು 9 ಇತ್ತು. ಜೊತೆಗೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಇನ್ನೊಂದು ಹಾರ್ಮೋನ್) ಸೇರಿದ್ದವರು ಇವೆರಡರ ನಡುವೆ ಇದ್ದರು.

ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು ಕಣ್ಣೀರಿನ ಮೇಲೆ ತೆಳುವಾದ ಎಣ್ಣೆಯ ಪದರ ಹರಡುತ್ತವೆ, ಆ ಪದರ ಕೆಟ್ಟರೆ ನೀರು ಬೇಗ ಆರುತ್ತದೆ, ಆರಿದ ಜಾಗ ಉರಿದಾಗ ಕಣ್ಣು ಪ್ರತಿಕ್ರಿಯೆಯಾಗಿ ಇನ್ನಷ್ಟು ನೀರು ಸುರಿಸುತ್ತದೆ. ಗಾಡಿಯ ಮೇಲೆ ಗಾಳಿ ಬಡಿದಾಗ ನಿಮಗಾಗುವುದು ಇದೇ. ಈ ಗ್ರಂಥಿಗಳನ್ನು ಚುರುಕಾಗಿಡುವುದು ಮುಖ್ಯವಾಗಿ ಆಂಡ್ರೊಜೆನ್, ಎಂದರೆ ನಾವು ಗಂಡಸರ ಹಾರ್ಮೋನ್ ಎಂದು ಬದಿಗಿಡುವ ವರ್ಗ. ಮುಟ್ಟು ನಿಂತ ಮೇಲೂ ಅಂಡಾಶಯ ಅದನ್ನು ಸ್ವಲ್ಪ ತಯಾರಿಸುತ್ತಿರುತ್ತದೆ. ನಿಮಗೆ ಆ ಮೂಲವೇ ಹೋಗಿದೆ. ಸಾಲದ್ದಕ್ಕೆ, ಬಾಯಿಯ ಮೂಲಕ ತೆಗೆದುಕೊಂಡ ಈಸ್ಟ್ರೋಜೆನ್ ಯಕೃತ್ತಿನಲ್ಲಿ ಒಂದು ವಾಹಕ ಪ್ರೋಟೀನನ್ನು ಹೆಚ್ಚಿಸಿ, ಆಂಡ್ರೊಜೆನ್ ವರ್ಗಕ್ಕೇ ಸೇರಿದ, ರಕ್ತದಲ್ಲಿ ಬಿಡಿಯಾಗಿ ದೊರೆಯುವ ಟೆಸ್ಟೋಸ್ಟೆರೋನನ್ನು ಇನ್ನೂ ತಗ್ಗಿಸುತ್ತದೆ.

ಉತ್ತರ 2:
ಮೇಲಿನ ಅಂಕಿಗಳನ್ನು ಓದಿ ನಾಳೆಯೇ ಮಾತ್ರೆ ಬಿಸಾಡಬೇಡಿ. ಅದು ಬರಿಯ ಗಮನಿಕೆಯ ಅಧ್ಯಯನ. ಮಾತ್ರೆಯಿಂದಲೇ ಕಣ್ಣು ಒಣಗಿತು ಎಂದು ಅದರಿಂದ ಸಿದ್ಧವಾಗುವುದಿಲ್ಲ. ಅದಲ್ಲದೆ ಈಸ್ಟ್ರೋಜೆನ್ ಮೂಳೆಯನ್ನೂ ಕಾಯುತ್ತದೆ. ನನ್ನ ಅಭಿಪ್ರಾಯದಲ್ಲಿ, ಕಣ್ಣಿಗಾಗಿಯೇ ಹಾರ್ಮೋನ್ ಆರಂಭಿಸುವುದು ಎಷ್ಟು ತಪ್ಪೋ, ಸ್ತ್ರೀರೋಗತಜ್ಞರನ್ನು ಕೇಳದೆ ಕಣ್ಣಿಗಾಗಿ ಅದನ್ನು ನಿಲ್ಲಿಸುವುದೂ ಅಷ್ಟೇ ತಪ್ಪು. ಒಂದು ವಿಷಯ ಕೇಳಬೇಕು: ನೆಗಡಿಗೋ ಅಲರ್ಜಿಗೋ ಸೆಟಿರಿಜಿನ್ ತೆಗೆದುಕೊಳ್ಳುತ್ತಿದ್ದೀರಾ? ಅದೂ ಕಣ್ಣನ್ನು ಒಣಗಿಸುತ್ತದೆ.

ಉತ್ತರ 3:
ನನಗೂ ಇದೇ ಪಾಡು. ನಮ್ಮ ಮನೆಯ ಹಿರಿಯರು ಹರಳೆಣ್ಣೆ ಬಿಡಲು ಹೇಳಿದ್ದರು. ಗಾಣದ ಎಣ್ಣೆ ಶುದ್ಧವೆಂಬುದು ನಿಜ, ಆದರೆ ಅದು ಕಣ್ಣಿಗೆ ಹಾಕುವಷ್ಟು ಕ್ರಿಮಿರಹಿತವಲ್ಲ ಎಂದು ವೈದ್ಯರು ಗದರಿಸಿ ನಿಲ್ಲಿಸಿದರು. ಬದಲಿಗೆ ದಿನಕ್ಕೆರಡು ಬಾರಿ, ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಡುತ್ತೇನೆ. ಬಟ್ಟೆ ಎರಡೇ ನಿಮಿಷಕ್ಕೆ ಆರುವುದರಿಂದ ಪಕ್ಕದಲ್ಲಿ ಬಿಸಿನೀರಿನ ಬಟ್ಟಲು ಬೇಕೇ ಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿಯೂ ಕೆಳಗಿನದನ್ನು ಮೇಲ್ಮುಖವಾಗಿಯೂ ಬೆರಳಿನಿಂದ ನವಿರಾಗಿ ಒತ್ತಬೇಕು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಕೃತಕ ಕಣ್ಣೀರಿನ ಹನಿ ಹಾಕುವವರು ಸಂರಕ್ಷಕವಿಲ್ಲದ ಹನಿಯನ್ನೇ ಕೇಳಿ ಪಡೆಯಬೇಕು. ಮೀನೆಣ್ಣೆಯ ಗುಳಿಗೆಗೆ ನಾನು ಸುರಿದ ಹಣ ಮಾತ್ರ ದಂಡ. 2018ರಲ್ಲಿ ಪ್ರಕಟವಾದ ‘ಡ್ರೀಮ್’ ಪ್ರಯೋಗದಲ್ಲಿಯೂ ಅದು ಆಲಿವ್ ಎಣ್ಣೆಯ ಗುಳಿಗೆಗಿಂತ ಮೇಲೆನಿಸಲಿಲ್ಲವಂತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸೆಟಿರಿಜಿನ್ ವಿಷಯ ಬರೆಯಲು ನನಗೆ ಹೊಳೆದೇ ಇರಲಿಲ್ಲ. ಧೂಳಿನ ಅಲರ್ಜಿಗೆಂದು ವರ್ಷದಿಂದ ರಾತ್ರಿ ಒಂದು ನುಂಗುತ್ತಿದ್ದೆ. ನಿನ್ನೆ ಪರೀಕ್ಷೆ ಮಾಡಿಸಿದೆ. ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ ಐದು ನಿಮಿಷದಲ್ಲಿ 14 ಮಿಲಿಮೀಟರ್ ನೆನೆಯಿತು, ಎಂದರೆ ನೀರಿಗೆ ಬರವಿಲ್ಲ. ಆದರೆ ಹಳದಿ ಬಣ್ಣ ಹಾಕಿ ನೋಡಿದಾಗ ಕಣ್ಣೀರಿನ ಪದರ ನಾಲ್ಕೇ ಸೆಕೆಂಡಿಗೆ ಒಡೆಯಿತು. ರೆಪ್ಪೆ ಒತ್ತಿದಾಗ ತಿಳಿ ಎಣ್ಣೆಯ ಬದಲು ಬಂದದ್ದು ಟೂತ್‌ಪೇಸ್ಟಿನಂಥ ಗಟ್ಟಿ ಪದಾರ್ಥ. ಸೆಟಿರಿಜಿನ್ ನಿಲ್ಲಿಸಲು ಹೇಳಿದ್ದಾರೆ. ಈಸ್ಟ್ರೋಜೆನ್ ಸದ್ಯಕ್ಕೆ ಮುಂದುವರಿಯುತ್ತದೆ. ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಜೆಲ್ ಆಗಬಹುದೇ ಎಂದು ಸೋಮವಾರ ಸ್ತ್ರೀರೋಗತಜ್ಞರನ್ನು ಕೇಳಲಿದ್ದೇನೆ.